ಹೆಪ್ಪು ಕೊಡದ ಮನೆ

ಬೆಳಕು ಹರಿಯುವ ಮುಂಚೆ ಸತ್ಸುಕಿ ಮುಗಿಸಬೇಕಾದ ಕೆಲಸಗಳು ಇವು: ನೆನೆದ ಅಕ್ಕಿಯ ಕುಕ್ಕರಿನ ಗುಂಡಿ ಒತ್ತುವುದು. ಸಾರಿಗೆಂದು ಪುಟ್ಟ ಒಣಮೀನುಗಳ ತಲೆ, ಹೊಟ್ಟೆ ಚಿವುಟಿ ನೀರಿಗೆ ಹಾಕುವುದು. ಬಟ್ಟೆ ಒಗೆಯುವ ಯಂತ್ರ ಹಾಕುವುದು. ಕಸದ ದಿನವಾದರೆ ಚೀಲವನ್ನು ಬೀದಿಯ ಮೂಲೆಗೆ ಹೊತ್ತು ಹೋಗಿ, ಕಾಗೆಗಳು ಎಳೆದಾಡದಂತೆ ಬಲೆ ಹೊದಿಸಿ ಬರುವುದು. ಗಂಡನ ಮಾತ್ರೆಗಳನ್ನು ಪುಟ್ಟ ತಟ್ಟೆಯಲ್ಲಿ ಎತ್ತಿಡುವುದು. ಬೆಂದ ಅನ್ನದ ಮೊದಲ ತುತ್ತನ್ನು ತೀರಿಹೋದ ಅತ್ತೆಯ ಫೋಟೋದ ಮುಂದೆ ಇಟ್ಟು ಗಂಟೆ ಬಡಿಯುವುದು. ಇವೆಲ್ಲಕ್ಕಿಂತ ಮೊದಲು, ಹಿತ್ತಿಲ ಬಾಗಿಲ ಬಳಿ ತಂಪಿನಲ್ಲಿ ಕೂತ ಭರಣಿಯ ಮುಚ್ಚಳ ತೆಗೆದು ಅಂಗಿಯ ತೋಳು ಮಡಿಚುವುದು.

ಭರಣಿಯಲ್ಲಿದ್ದುದು ಹುಳಿತೌಡು. ಅಕ್ಕಿಯ ತೌಡಿಗೆ ಉಪ್ಪುನೀರು, ಒಣ ಕಡಲಪಾಚಿ, ಕೆಂಪು ಮೆಣಸಿನಕಾಯಿ, ನಾಲಗೆ ಜುಮ್ಮೆನಿಸುವ ಹಸಿರು ಸಾನ್ಶೋ ಕಾಳು ಎಲ್ಲ ಕಲಸಿ ಹುಳಿಯಲು ಬಿಟ್ಟಿದ್ದು. ಅದರೊಳಗೆ ಸಂಜೆ ಸೌತೆ, ಮೂಲಂಗಿ, ಬದನೆ ಹೂತಿಟ್ಟರೆ ಬೆಳಿಗ್ಗೆ ಅನ್ನಕ್ಕೆ ನಂಜಿಕೊಳ್ಳಲು ಉಪ್ಪಿನಕಾಯಿ ಸಿದ್ಧ. ಅದೇ ತೌಡನ್ನು ಎರಡು ಹಿಡಿ ತೆಗೆದು ಬೂತಾಯಿ ಮೀನಿನ ಜೊತೆ ಸಣ್ಣ ಉರಿಯಲ್ಲಿ ಬೇಯಿಸಿದರೆ ಮುಳ್ಳೂ ಕರಗುತ್ತದೆ. ಕೊಕುರಾ ಊರಿನ ಹಳೆಯ ಮನೆಗಳಲ್ಲಿ ಭರಣಿಗೆ ವಯಸ್ಸು ಹೇಳುತ್ತಾರೆ, ಮನೆಯ ಹಿರಿಯಜ್ಜಿಯ ವಯಸ್ಸು ಹೇಳಿದ ಹಾಗೆ. ಹಮಾಗುಚಿ ಮನೆಯ ಭರಣಿ ಸತ್ಸುಕಿಯ ಅತ್ತೆಯ ಅತ್ತೆ ಹೆಪ್ಪು ಹಾಕಿದ್ದು.

ಅದನ್ನು ದಿನವೂ ಮಗುಚಬೇಕು. ಮೊಣಕೈವರೆಗೆ ಕೈ ಇಳಿಸಿ ತಳದ್ದನ್ನು ಮೇಲೆ ತರಬೇಕು, ಮೇಲಿನದ್ದನ್ನು ತಳಕ್ಕೆ ಒತ್ತಬೇಕು, ಕೊನೆಗೆ ಅಂಗೈಯಿಂದ ತಟ್ಟಿ ಸಮ ಮಾಡಿ ಭರಣಿಯ ಕಂಠ ಒರೆಸಬೇಕು. ತಪ್ಪಿದರೆ ಬಿಳಿ ಪದರ ಕಟ್ಟುತ್ತದೆ, ಬೇಸಿಗೆಯಲ್ಲಿ ತಪ್ಪಿದರೆ ನಾರುತ್ತದೆ. ಮದುವೆಯಾಗಿ ಬಂದ ತಿಂಗಳಲ್ಲೇ ಅತ್ತೆ, "ನನ್ನ ಕೈ ಇನ್ನು ರಿಟೈರು. ಇದು ನಿನ್ನ ಪಾಲಿಗೆ," ಎಂದು ಭರಣಿ ತೋರಿಸಿದ್ದರು. ಅಂದಿನಿಂದ ಸತ್ಸುಕಿ ತವರಿಗೆ ಹೋದರೆ ಒಂದು ರಾತ್ರಿ ಮಲಗಿ ಎದ್ದು ಬಂದಿದ್ದಾಳೆ ಅಷ್ಟೇ. ಗಂಡ ತೊಕುಜಿ ಉಕ್ಕಿನ ಕಾರ್ಖಾನೆಯ ಜೊತೆಗಾರರೊಂದಿಗೆ ವರ್ಷಕ್ಕೊಮ್ಮೆ ಬಿಸಿನೀರಿನ ಬುಗ್ಗೆಗಳಿಗೆ ಹೋಗಿ, ಮೈ ಕೆಂಪು ಮಾಡಿಕೊಂಡು, ಡಬ್ಬಿ ತುಂಬ ಸಿಹಿ ತರುತ್ತಿದ್ದ.

ಅವಳ ತಾಯಿಯೂ ಮದುವೆಯ ಸಾಮಾನಿನ ಜೊತೆ ತಮ್ಮ ಮನೆಯ ಹುಳಿತೌಡನ್ನು ಗಡಿಗೆಯಲ್ಲಿ ಕಟ್ಟಿ ಕಳಿಸಿದ್ದಳು. ಊರಿನ ರೂಢಿ ಅದು. ಅತ್ತೆ ಗಡಿಗೆಯ ಬಟ್ಟೆ ಬಿಚ್ಚಿ, ಮೂಸಿ, "ಒಂದು ಮನೆಗೆ ಒಂದು ಭರಣಿ," ಎಂದು ಹೇಳಿ ತರಕಾರಿ ಪಾತಿಗೆ ಗೊಬ್ಬರ ಮಾಡಿದ್ದರು. ಆಗ ಸತ್ಸುಕಿಗೆ ಇಪ್ಪತ್ತಮೂರು. ಅಡುಗೆಮನೆಯಲ್ಲಿ ನಿಂತು ಗಡಿಗೆ ತೊಳೆದಿಟ್ಟಳು. ಅದೇ ಅತ್ತೆ ಇನ್ನೊಂದು ಮಾತನ್ನೂ ಆಗಾಗ ಹೇಳುತ್ತಿದ್ದರು: "ಈ ಮನೆ ಹೆಪ್ಪು ಹೊಸಿಲು ದಾಟಬಾರ್ದು. ಕೊಟ್ಟರೆ ಎಲ್ಲರ ಮನೆ ಅಡುಗೆನೂ ನಮ್ಮನೆ ಅಡುಗೆ ಆಗುತ್ತೆ. ಆಮೇಲೆ ನಮ್ಮನ್ನ ಯಾರು ಕೇಳ್ತಾರೆ?"

ಅತ್ತೆ ಹೋದಮೇಲೆ ಸತ್ಸುಕಿ ಬಡಾವಣೆಯ ಸಭಾಭವನದಲ್ಲಿ ತಿಂಗಳಿಗೊಮ್ಮೆ ಸೇರುವ ತೌಡುಪ್ರಿಯರ ಕೂಟಕ್ಕೆ ಹೋಗತೊಡಗಿದಳು. ಉದ್ದ ಮೇಜಿನ ಸುತ್ತ ಹತ್ತು ಹನ್ನೆರಡು ಹೆಂಗಸರು. ಗಂಡಸು ಒಬ್ಬರೇ, ಬ್ಯಾಂಕಿನಿಂದ ನಿವೃತ್ತರಾದ ಶಿರಾಕಿ. ಪ್ರತಿಯೊಬ್ಬರೂ ತಮ್ಮ ಭರಣಿಯದ್ದನ್ನು ಹೆಚ್ಚಿ ತಂದು ನಡುವೆ ಇಟ್ಟು, ಟೀ ಬಗ್ಗಿಸಿಕೊಂಡು ಕೂರುತ್ತಿದ್ದರು. ಬಾಯಿಗೆ ಹಾಕಿಕೊಂಡು ಮೊದಲು ಎಲ್ಲರೂ ಸುಮ್ಮನೆ ಅಗಿಯುತ್ತಿದ್ದರು. ಆಮೇಲೆ ಶುರು.

"ಹುಳಿ ಜಾಸ್ತಿ ಆಗಿದೆ. ಮೊಟ್ಟೆ ಸಿಪ್ಪೆ ಪುಡಿ ಮಾಡಿ ಹಾಕಿ."

"ನಾನು ಉಳಿದ ಬಿಯರ್ ಹಾಕ್ತೀನಿ."

"ನಿಮ್ಮನೇಲಿ ಬಿಯರ್ ಉಳಿಯುತ್ತಾ? ನಮ್ಮವರು ಡಬ್ಬಿನೂ ನೆಕ್ಕಿಡ್ತಾರೆ."

"ಬದನೆ ಬಣ್ಣ ನೋಡಿ, ಜೀರುಂಡೆ ಬೆನ್ನಿನ ಹಾಗಿದೆ. ಏನು ಗುಟ್ಟು?"

"ಗುಟ್ಟೇನು ಬಂತು. ತುಕ್ಕು ಹಿಡಿದ ಮೊಳೆ ನಾಲ್ಕು ಬಟ್ಟೇಲಿ ಕಟ್ಟಿ ಹಾಕಿದ್ದೀನಿ."

ಶಿರಾಕಿಯವರು ತಮ್ಮ ಭರಣಿಯಲ್ಲಿ ಸದಾ ಉಷ್ಣಮಾಪಕ ನೆಟ್ಟಿರುತ್ತಿದ್ದರು. ಅದಕ್ಕೆ ಜ್ವರ ಬಂತಾ, ನೆಗಡಿ ಬಂತಾ ಎಂದು ಹೆಂಗಸರು ಪ್ರತಿ ಸಲವೂ ರೇಗಿಸುವರು. ಅವರು ಗಂಭೀರವಾಗಿ, "ಇವತ್ತು ಸ್ವಲ್ಪ ಬೆಚ್ಚಗಿದೆ, ವಿಶ್ರಾಂತಿ ಹೇಳಿದ್ದೀನಿ," ಎನ್ನುವರು.

ಈ ಮೇಜಿನಲ್ಲಿ ಸತ್ಸುಕಿಯ ತಟ್ಟೆ ಮೊದಲು ಖಾಲಿಯಾಗುತ್ತಿತ್ತು. ಅವಳ ಬೂತಾಯಿ ಒಂದು ತುಂಡು ಬಾಯಿಗೆ ಹೋದರೆ ಮಾತಾಡುವವರೂ ಮಾತು ನಿಲ್ಲಿಸುತ್ತಿದ್ದರು. ಉಳಿದವರು ತಂತಮ್ಮಲ್ಲಿ ಒಂದೊಂದು ಹಿಡಿ ಹೆಪ್ಪು ಬದಲಿಸಿಕೊಳ್ಳುತ್ತಿದ್ದರು. ಬೇಕಾದವರಿಗೆ ಕೊಡುವುದು, ತನ್ನದು ಕೆಟ್ಟರೆ ಅವರಿಂದ ತಿರುಗಿ ಪಡೆಯುವುದು. ಕೊಟ್ಟದ್ದೇ ಕಾಪಾಡಿದ್ದು ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿದ್ದ ಲೆಕ್ಕ. ಸತ್ಸುಕಿಯನ್ನು ಕೇಳಿದಾಗ ಮಾತ್ರ ಅವಳು ತಲೆ ತಗ್ಗಿಸಿ, "ಅತ್ತೆ ಮಾತು. ದಯವಿಟ್ಟು ತಪ್ಪು ತಿಳೀಬೇಡಿ," ಎನ್ನುತ್ತಿದ್ದಳು.

ಅತ್ತೆಯ ಮಾತು ನಿಜ. ಆದರೆ ಅದು ಪೂರ್ತಿ ನಿಜವಲ್ಲವೆಂದು ಅವಳಿಗೂ ಗೊತ್ತಿತ್ತು. ಇಷ್ಟು ವರ್ಷ ಈ ಊರಿನಲ್ಲಿ ಅವಳನ್ನು ಯಾರಾದರೂ ಏನನ್ನಾದರೂ ಕೇಳಿದ್ದು ಇದೊಂದನ್ನೇ. ಕೇಳಿಸಿಕೊಳ್ಳುವುದು ಹಿತವಾಗಿತ್ತು. ಕೊಟ್ಟುಬಿಟ್ಟರೆ ಮತ್ತೆ ಯಾರು ಕೇಳುತ್ತಾರೆ? ಅತ್ತೆಯ ಬಾಯಿಂದ ಬಂದಾಗ ಸಣ್ಣತನವಾಗಿ ಕೇಳಿಸಿದ್ದ ಮಾತು ತನ್ನ ಮನಸ್ಸಿನಲ್ಲಿ ಎದ್ದಾಗ ಅವಳು ಅದನ್ನು ಗುರುತು ಹಿಡಿಯಲಿಲ್ಲ.

ಕೇಳುವುದನ್ನು ಬಿಡದವಳು ಮಸಾಯೆ. ಸತ್ಸುಕಿಗಿಂತ ಆರೇಳು ವರ್ಷ ದೊಡ್ಡವಳು. ಶಾಲೆಯ ಮಧ್ಯಾಹ್ನದೂಟದ ಅಡುಗೆಮನೆಯಲ್ಲಿ ದೊಡ್ಡ ಸೌಟು ತಿರುಗಿಸಿ ತೋಳು ಗಟ್ಟಿಮಾಡಿಕೊಂಡಿದ್ದಳು. ಚಿಕ್ಕ ವಯಸ್ಸಿನಲ್ಲೇ ಗಂಡನ ಮನೆ ಬಿಟ್ಟು ಬಂದಿದ್ದಳು. ಬರುವಾಗ ಅಲ್ಲಿನ ಭರಣಿಯನ್ನೂ ಬಿಟ್ಟು ಬಂದಿದ್ದಳು. ತವರಿನ ಭರಣಿ ಅಣ್ಣನ ಹೆಂಡತಿಯ ಪಾಲಾಗಿತ್ತು. ಅಂಗಡಿಯ ತೌಡು ತಂದು ತಾನೇ ಎಷ್ಟು ಸಲ ಹಾಕಿದರೂ ಮನಸ್ಸಿಗೆ ಹತ್ತಲಿಲ್ಲ ಎನ್ನುತ್ತಿದ್ದಳು.

"ನನ್ನ ತೌಡಿಗೆ ಅಪ್ಪ ಅಮ್ಮ ಇಲ್ಲ ಕಣ್ರೀ," ಎಂದು ನಗುತ್ತಲೇ ಹೇಳುತ್ತಿದ್ದಳು. "ಒಂದು ಹಿಡಿ ಕೊಡಿ ಸತ್ಸುಕಿ ಸಾನ್. ಹಮಾಗುಚಿ ಮನೆಗೆ ದತ್ತು ಬರ್ತೀನಿ. ಬೇಕಾದ್ರೆ ನಿಮ್ಮತ್ತೆ ಫೋಟೋಗೆ ನಾನೇ ಬಂದು ಅಡ್ಡ ಬೀಳ್ತೀನಿ."

"ಅತ್ತೆ ಎದ್ದು ಬಂದಾರು."

"ಬರ್ಲಿ ಬಿಡಿ. ಬಂದ್ರೆ ಮೀನು ತಿನ್ನಿಸಿ ಕಳಿಸೋಣ."

ಒಂದು ಶರತ್ಕಾಲದಲ್ಲಿ ಮಸಾಯೆಗೆ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಯಿತು. ಮನೆಯಲ್ಲೇ ಕೂತಿದ್ದವಳನ್ನು ನೋಡಲು ಕೂಟದವರು ಹೊರಟಾಗ ಯಾರೋ ಸತ್ಸುಕಿಯನ್ನು ಕೇಳಿದರು, "ಈಗಲಾದ್ರೂ ಕೊಡಬಾರ್ದಾ? ಮುದುಕಿ ಖುಷಿ ಪಡ್ತಾಳೆ." ಎಲ್ಲರ ಕಣ್ಣೂ ಅವಳ ಮೇಲೆ. ಅವಳು ಹೂಂ ಎಂದಳು.

ಮನೆಗೆ ಬಂದು ಭರಣಿಯ ಮುಂದೆ ಕೂತಳು. ಮುಚ್ಚಳ ತೆಗೆದಳು, ಕೈ ಹಾಕಿದಳು, ಒಂದು ಹಿಡಿ ಎತ್ತಿದಳು. ಮತ್ತೆ ಅಲ್ಲೇ ಹಾಕಿ ತಟ್ಟಿದಳು. ಆಮೇಲೆ ಮಾರುಕಟ್ಟೆಗೆ ಹೋಗಿ ಹುಳಿಸಿಯೇ ಮಾರುವ ತೌಡಿನ ಪೊಟ್ಟಣ ತಂದಳು. ಬಿಳಿ ಎನಾಮಲ್ ಡಬ್ಬಿಗೆ ಸುರಿದು, ತನ್ನ ಮನೆಯ ಸಾನ್ಶೋ ಕಾಳು, ಮೆಣಸಿನಕಾಯಿ ಬೆರೆಸಿ, ಹಳೆಯದಾಗಿ ಕಾಣಲೆಂದು ಕಂದಿದ ಕಡಲಪಾಚಿಯ ತುಂಡೊಂದನ್ನು ಮೇಲೆ ಒತ್ತಿದಳು. ಒಳ್ಳೆಯ ಬಟ್ಟೆಯಲ್ಲಿ ಗಂಟು ಕಟ್ಟಿದಳು.

ಮಸಾಯೆ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹಣೆಗೆ ಮುಟ್ಟಿಸಿಕೊಂಡಳು. ಸದಾ ಏನಾದರೊಂದು ತಮಾಷೆ ಮಾಡುವವಳು ಅವತ್ತು ಮಾಡಲಿಲ್ಲ.

ಅಂದಿನಿಂದ ಮೂರು ವರ್ಷ ಮಸಾಯೆ ಆ ಡಬ್ಬಿಯನ್ನು ನೋಡಿಕೊಂಡ ಬಗೆ ಕೂಟದಲ್ಲಿ ಎಲ್ಲರಿಗೂ ಬಾಯಿಪಾಠ. ಸೆಕೆ ಹೆಚ್ಚಾದರೆ ಒದ್ದೆ ಬಟ್ಟೆ ಸುತ್ತಿ ಗಾಳಿಯಾಡುವ ಕಡೆ ಇಡುವಳು. ಚಳಿಯಲ್ಲಿ ತನ್ನ ಹಳೆಯ ಸ್ವೆಟರು ತೊಡಿಸುವಳು. ಮಾಗಿದ ಪರ್ಸಿಮನ್ ಹಣ್ಣಿನ ಸಿಪ್ಪೆ ಒಣಗಿಸಿ ಹಾಕುವುದು, ಸೋಯಾಕಾಳು ಹುರಿದು ಹಾಕುವುದು, ಬೆಳಿಗ್ಗೆ ಬಲಗೈಯಲ್ಲಿ, ಸಂಜೆ ಎಡಗೈಯಲ್ಲಿ ಮಗುಚುವುದು ಎಲ್ಲ ಅವಳದೇ ಆಲೋಚನೆ. ಮೊದಲ ವರ್ಷ ಬಂದದ್ದು ಪರವಾಗಿಲ್ಲ ಎನ್ನುವಂಥ ರುಚಿ. ಎರಡನೆಯ ವರ್ಷ ತಟ್ಟೆ ಬೇಗ ಖಾಲಿಯಾಗತೊಡಗಿತು. ಮೂರನೆಯ ವರ್ಷ ಶಿರಾಕಿಯವರು ಅವಳ ಬೂತಾಯಿ ಬಾಯಿಗಿಟ್ಟು ಕನ್ನಡಕ ತೆಗೆದರು.

"ಹೊಗಳಬೇಡಿ, ಹೊಗಳಬೇಡಿ," ಎಂದು ಮಸಾಯೆ ಕೈ ಆಡಿಸಿದಳು. "ನಂದೇನಿದೆ ಇದ್ರಲ್ಲಿ? ಹಮಾಗುಚಿ ಮನೆ ಹೆಪ್ಪು. ಮಾಡಿದೋರು ಮೂರು ತಲೆಮಾರು, ತಿರುಗಿಸಿದ್ದಷ್ಟೇ ನಾನು."

ಸತ್ಸುಕಿ ಟೀ ಲೋಟದೊಳಗೆ ನೋಡುತ್ತಿದ್ದಳು. ಈಗ ಹೇಳಿಬಿಡಬಹುದು ಎಂದು ಪ್ರತಿ ತಿಂಗಳೂ ಅನ್ನಿಸುತ್ತಿತ್ತು. ರುಚಿ ಚೆನ್ನಾಗಿದ್ದಷ್ಟೂ ಹೇಳುವುದು ಕಷ್ಟವಾಗುತ್ತ ಬಂತು.

ಆ ಬೇಸಿಗೆಯಲ್ಲಿ ಅವಳಿಗೆ ಪಿತ್ತಕೋಶದ ಕಲ್ಲು ತೆಗೆಸಬೇಕಾಗಿ ಬಂತು. ಆಸ್ಪತ್ರೆಗೆ ಹೊರಡುವ ಮುನ್ನ ತೊಕುಜಿಯನ್ನು ಭರಣಿಯ ಮುಂದೆ ಕೂರಿಸಿ ಕಲಿಸಿದಳು.

"ರೀ, ತಳದ ತನಕ ಕೈ ಹೋಗ್ಬೇಕು. ಮೇಲೆ ಮೇಲೆ ಕೆದಕಿದ್ರೆ ಆಗಲ್ಲ."

"ಗೊತ್ತು ಬಿಡೆ. ಕುಲುಮೆ ನೋಡ್ಕೊಂಡೋನು ನಾನು. ತೌಡು ನೋಡ್ಕೊಳ್ಳೋಕೆ ಬರಲ್ವಾ?"

ತೊಕುಜಿ ಅಸಡ್ಡೆ ಮಾಡಿದನೆಂದು ಹೇಳುವಂತಿಲ್ಲ. ಅವನು ಒಂದು ದಿನವೂ ತಪ್ಪಿಸಲಿಲ್ಲ. ಆದರೆ ಕೈಗೆ ವಾಸನೆ ಹತ್ತುತ್ತದೆಂದು ಅನ್ನ ಬಡಿಸುವ ಸೌಟಿನಿಂದ ಮೇಲುಮೇಲೆ ಕೆದಕಿದ. ಮೇಲೆ ಬಿಳಿ ಪದರ ಕಂಡಾಗ ಗಾಬರಿಯಾಗಿ, ಬಾಗಿಲ ಬಳಿ ಇದ್ದ ಕೈ ಶುದ್ಧಿಯ ಸ್ಪಿರಿಟ್ಟನ್ನು ತೌಡಿನ ಮೇಲೆ ಚೆನ್ನಾಗಿ ಸಿಂಪಡಿಸಿದ. ಮರುದಿನವೂ. ಅದರ ಮರುದಿನ ಹೆಚ್ಚಾಗಿ. ಕೊನೆಗೆ, ಏನೂ ಒಳಗೆ ಹೋಗದಿರಲಿ ಎಂದು, ಪ್ಲಾಸ್ಟಿಕ್ ಹಾಳೆ ಬಿಗಿದು ಕಟ್ಟಿದ.

ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಸತ್ಸುಕಿ ಹಿತ್ತಿಲ ಬಾಗಿಲಿಗೆ ಬಂದಾಗ ದೂರದಿಂದಲೇ ಗೊತ್ತಾಯಿತು. ಬಣ್ಣ ಬಳಿಯುವವರ ಡಬ್ಬಿಯ ವಾಸನೆ. ಅದರಡಿಯಲ್ಲಿ ಒದ್ದೆ ಕಾಲುಚೀಲದ ವಾಸನೆ. ಮೇಲೆ ಕಪ್ಪು, ಅಲ್ಲಲ್ಲಿ ಗುಲಾಬಿ.

"ದಿನಾ ಕ್ಲೀನ್ ಮಾಡಿದೀನಿ ನೋಡು," ಎಂದ ತೊಕುಜಿ ಅವಳ ಹಿಂದೆ ನಿಂತು.

ಮೇಲಿನದ್ದನ್ನು ಗೋರಿ ತೆಗೆದಳು. ಉಪ್ಪು ಹಾಕಿದಳು, ಸಾಸಿವೆ ಪುಡಿ ಹಾಕಿದಳು, ಹೊಸ ತೌಡು ಹುರಿದು ಬೆರೆಸಿದಳು. ಬಗ್ಗಬಾರದೆಂದು ವೈದ್ಯರು ಹೇಳಿದ್ದರೂ ಬಗ್ಗಿದಳು. ತಳದಿಂದ ಬರುವ ಪ್ರತಿ ಹಿಡಿಯೂ ಇನ್ನಷ್ಟು ನಾರಿತು. ಬೇರೆ ಯಾರದಾದರೂ ಭರಣಿ ಸತ್ತಿದ್ದರೆ ಅವರು ತಾವು ಹೆಪ್ಪು ಕೊಟ್ಟವರ ಮನೆ ಬಾಗಿಲು ತಟ್ಟುತ್ತಿದ್ದರು. ಸತ್ಸುಕಿ ತಟ್ಟಬಹುದಾದ ಬಾಗಿಲು ಊರಿನಲ್ಲಿ ಒಂದೂ ಇರಲಿಲ್ಲ. ಅವತ್ತು ಆ ಒಂದು ಹಿಡಿಯನ್ನು ತಿರುಗಿ ಭರಣಿಗೆ ಹಾಕದೆ ಇದ್ದಿದ್ದರೆ, ಇವತ್ತು ಮೂರು ತಲೆಮಾರಿನ ತೌಡು ಎರಡು ಬೀದಿಯಾಚೆ ಸ್ವೆಟರು ತೊಟ್ಟು ಕೂತಿರುತ್ತಿತ್ತು. ಉಳಿಸಿಕೊಳ್ಳಲು ಹೋಗಿ ಕೊಂದಿದ್ದಳು. ತೊಕುಜಿಯ ಸ್ಪಿರಿಟ್ಟು ಆಮೇಲಿನ ಮಾತು.

ಸುಡಬಹುದಾದ ಕಸ ಒಯ್ಯುವ ದಿನ ಅವಳು ಅದನ್ನು ಚೀಲಗಳಿಗೆ ತುಂಬಿಸಿ ಮೂಲೆಗೆ ಇಟ್ಟು ಬಂದಳು.

"ಹೋಗ್ಲಿ ಬಿಡು, ತೌಡು ತಾನೆ?" ಎಂದ ತೊಕುಜಿ. ಸಮಾಧಾನಕ್ಕೇ ಹೇಳಿದ್ದ. ಅವಳು ಖಾಲಿ ಭರಣಿ ತೊಳೆಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

ಮುಂದಿನ ಕೂಟಕ್ಕೆ ಸತ್ಸುಕಿ ಬರಿಗೈಯಲ್ಲಿ ಹೋದಳು. ಕೆಟ್ಟುಹೋಯಿತು ಎಂದಷ್ಟೇ ಹೇಳಿದಳು. ಮೇಜಿನ ಸುತ್ತ ಎಲ್ಲರೂ ಸಾವಿನ ಮನೆಯಲ್ಲಿ ಕೂತಂತೆ ಕೂತರು. ಯಾರೋ ಗಂಡನ ಬಗ್ಗೆ ಕೇಳಿದರು, ಯಾರೋ, "ಗಂಡಸರ ಕೈಗೆ ಕೊಟ್ರೆ ಇಷ್ಟೇ," ಎಂದರು. ಶಿರಾಕಿಯವರು ಕೆಮ್ಮಿದರು. "ನೀವಲ್ಲ ಬಿಡಿ, ನಿಮ್ಮದಕ್ಕೆ ಡಾಕ್ಟರೇ ಇದ್ದಾರೆ," ಎಂದು ಇನ್ನೊಬ್ಬಳು ಸೇರಿಸಿದ್ದಕ್ಕೂ ನಗು ಪೂರ್ತಿ ಬರಲಿಲ್ಲ.

ಮಸಾಯೆ ಎದ್ದು ಹೊರಗೆ ಹೋಗಿ, ಸೈಕಲ್ಲಿನ ಬುಟ್ಟಿಯಿಂದ ಬಟ್ಟೆಯ ಗಂಟೊಂದನ್ನು ತಂದಳು. ಸತ್ಸುಕಿಯ ಮುಂದೆ ಇಟ್ಟು ಬಿಚ್ಚಿದಳು. ಬಿಳಿ ಎನಾಮಲ್ ಡಬ್ಬಿ.

"ನಿನ್ನೆ ಮಾರ್ಕೆಟ್ಟಲ್ಲಿ ನಿಮ್ಮವರು ಸಿಕ್ಕಿದ್ರು, ಹೇಳಿದ್ರು," ಎಂದಳು. "ರಾತ್ರಿಯೆಲ್ಲ ನಿದ್ದೆ ಇಲ್ಲ ನಂಗೆ. ಆಮೇಲೆ ಹೊಳೀತು. ಅಯ್ಯೋ ಮುದುಕಿ, ಅವರ ಕೂಸು ನಿನ್ನ ಮನೇಲೇ ಬೆಳೀತಿದೆಯಲ್ಲ ಅಂತ. ಅರ್ಧ ನಾನಿಟ್ಕೊಂಡಿದ್ದೀನಿ, ಅರ್ಧ ತಂದಿದ್ದೀನಿ. ತಗೊಳ್ಳಿ. ನಿಮ್ಮ ಮನೇದು ನಿಮ್ಮ ಮನೆಗೆ ಬಂತು."

ಹೆಂಗಸರು ಒಬ್ಬೊಬ್ಬರಾಗಿ ಚಪ್ಪಾಳೆ ತಟ್ಟಿದರು. ಶಿರಾಕಿಯವರು ಕಣ್ಣೊರೆಸಿಕೊಂಡರು. ಬರುವ ತಿಂಗಳು ಸಭಾಭವನದಲ್ಲಿ ಊರಿನವರಿಗೆಲ್ಲ ರುಚಿ ತೋರಿಸುವ ಹಬ್ಬವಿತ್ತು. ಪ್ರತಿ ತಟ್ಟೆಯ ಮುಂದೆ ಯಾರ ಭರಣಿಯದೆಂದು ಹೆಸರು ಬರೆದಿಡುವ ಪದ್ಧತಿ. ಮಸಾಯೆಯ ಬೂತಾಯಿಗೆ ಹಮಾಗುಚಿ ಮನೆಯ ಹೆಸರೇ ಬರೆಯಬೇಕು, ಈ ಕಥೆಯನ್ನೂ ಹೇಳಬೇಕು ಎಂದು ಅಲ್ಲೇ ತೀರ್ಮಾನವಾಯಿತು.

"ಮತ್ತೇನು, ನನ್ನ ಹೆಸರು ಬರೀತೀರಾ?" ಎಂದಳು ಮಸಾಯೆ. "ಸ್ಕೂಲಡುಗೆ ಮಸಾಯೆ ಅಂತ ಬರೆದ್ರೆ ಮಕ್ಕಳೂ ಓಡಿಹೋಗ್ತಾರೆ."

ಆಗ ಹೇಳಬೇಕಿತ್ತು. ಆದರೆ ಎಲ್ಲರ ಮುಖ ಅರಳಿತ್ತು, ಮಸಾಯೆಯ ಮುಖ ಎಲ್ಲಕ್ಕಿಂತ ಹೆಚ್ಚು. ಸತ್ಸುಕಿ ಮೇಜಿಗೆ ಹಣೆ ತಾಗುವಷ್ಟು ಬಾಗಿದಳು. ಅದನ್ನು ಅವರು ಕೃತಜ್ಞತೆ ಎಂದುಕೊಂಡರು.

ಮನೆಗೆ ತಂದ ಡಬ್ಬಿಯಲ್ಲಿ ಮಸಾಯೆ ಒಂದು ಸೌತೆಯನ್ನು ಹೂತಿಟ್ಟೇ ಕಳಿಸಿದ್ದಳು. ಮಧ್ಯಾಹ್ನದ ಊಟಕ್ಕೆ ಸತ್ಸುಕಿ ಅದನ್ನು ತೊಳೆದು ಹೆಚ್ಚಿ ಇಟ್ಟಳು. ತೊಕುಜಿ ಎರಡು ತುಂಡು ಕರಕರ ಅಗಿದು, ಕಣ್ಣು ಮುಚ್ಚಿ, "ಇದೇ ನೋಡು," ಎಂದ. "ಅಮ್ಮನ ಕೈ ರುಚಿ. ಎಲ್ಲಿದ್ರೂ ಗೊತ್ತಾಗುತ್ತೆ ನಂಗೆ."

ಸತ್ಸುಕಿ ಅವನನ್ನೇ ನೋಡಿದಳು. ಮದುವೆಯಾದಂದಿನಿಂದ ಈ ಮನೆಯ ಭರಣಿಯಲ್ಲಿ ಮೊಣಕೈವರೆಗೆ ಇಳಿದದ್ದು ತನ್ನ ಕೈ. ಅವನು ತಿಂದದ್ದು ಅಮ್ಮನ ರುಚಿ. ಈಗ ತಿನ್ನುತ್ತಿರುವುದು ಮಸಾಯೆಯ ಕೈಯದು. ಅದೂ ಅಮ್ಮನ ರುಚಿ. ಯಾವ ಹೆಂಗಸಿನ ಕೈ ಎಷ್ಟು ತಿರುಗಿಸಿದರೂ ಕೊನೆಗೆ ಬರೆಯುವ ಹೆಸರು ಮನೆಯದು.

ಅವಳೂ ಒಂದು ತುಂಡು ಬಾಯಿಗಿಟ್ಟಳು. ತಮ್ಮ ಮನೆಯದರ ಹಾಗೆ ಇರಲೇ ಇಲ್ಲ. ಇದರ ಹುಳಿ ಮೆತ್ತಗೆ ಬಂದು, ಹಿಂದಿನಿಂದ ಹಣ್ಣಿನ ಸಿಹಿ ತಾಗಿ, ಕೊನೆಗೆ ಹುರಿದ ಕಾಳಿನ ಘಮ ಉಳಿಯುತ್ತಿತ್ತು. ಯಾವ ಭರಣಿಯ ಮಗಳೂ ಅಲ್ಲದ ರುಚಿ. ಅಂಗಡಿಯ ಒಂದು ಪೊಟ್ಟಣದಿಂದ ಇಷ್ಟನ್ನು ಬೆಳೆಸಿದವಳು ತಾನೇನೂ ಮಾಡಿಲ್ಲವೆಂದು ಸೈಕಲ್ಲು ತುಳಿದುಕೊಂಡು ಮನೆಗೆ ಹೋಗಿದ್ದಳು. ಅವಳಿಂದ ಆ ಮೂರು ವರ್ಷ ಕಸಿದುಕೊಂಡವಳು ತಾನು. ಹೆಪ್ಪು ಕೊಡದೆ ಇದ್ದದ್ದಕ್ಕಿಂತ ಅದು ದೊಡ್ಡದು ಎಂಬುದು ಅನ್ನದ ಬಟ್ಟಲು ಹಿಡಿದು ಕೂತಾಗ ಅವಳಿಗೆ ತಿಳಿಯಿತು.

ಊಟ ಮುಗಿಸಿ ತೊಕುಜಿ ಬೇಸ್‌ಬಾಲ್ ನೋಡಲು ಗೆಳೆಯನ ಮನೆಗೆ ಹೋದ. "ರಾತ್ರಿಗೆ ಬೂತಾಯಿ ಮಾಡ್ತೀಯಾ? ಹೇಗೂ ತೌಡು ಬಂತಲ್ಲ," ಎಂದು ಹೋಗುವಾಗ ಕೇಳಿದ.

ಹಿತ್ತಿಲ ಬಾಗಿಲ ಬಳಿ ಭರಣಿ ಬಿಸಿಲಿಗೆ ಒಣಗಿ ಸಿದ್ಧವಾಗಿತ್ತು. ಪಕ್ಕದಲ್ಲಿ ಹುರಿದ ಹೊಸ ತೌಡು, ಕುದಿಸಿ ಆರಿಸಿದ ಉಪ್ಪುನೀರು. ಅದಕ್ಕೆ ಡಬ್ಬಿಯಿಂದ ನಾಲ್ಕು ಹಿಡಿ ಬೆರೆಸಿದರೆ ಹದಿನೈದು ದಿನದಲ್ಲಿ ಹುಳಿ ಹಿಡಿಯುತ್ತದೆ. ಯಾರಿಗೂ ಏನೂ ಗೊತ್ತಾಗುವುದಿಲ್ಲ. ಹಬ್ಬದ ದಿನ ಕಥೆ ಹೇಳುತ್ತಾರೆ, ಜನ ಕೇಳುತ್ತಾರೆ, ಮಸಾಯೆ ನಗುತ್ತಾಳೆ. ಹೇಳಿದರೆ ಏನಾಗುತ್ತದೆಂದೂ ಅವಳಿಗೆ ಗೊತ್ತಿತ್ತು. ಆ ಮೇಜಿಗೆ ಮತ್ತೆ ಹೋಗಿ ಕೂರುವ ಮುಖ ಉಳಿಯುವುದಿಲ್ಲ. ಮಸಾಯೆ ಬೈದರೆ ಬೈಸಿಕೊಳ್ಳಬಹುದು. ಬೈಯದೆ, ಆ ಡಬ್ಬಿ ಹಣೆಗೆ ಮುಟ್ಟಿಸಿಕೊಂಡ ದಿನದ ಹಾಗೆ ತಮಾಷೆ ಮಾಡದೆ ಸುಮ್ಮನಾದರೆ?

ಸತ್ಸುಕಿ ತೋಳು ಮಡಿಚಿ ಡಬ್ಬಿಯಿಂದ ಒಂದು ಹಿಡಿ ಎತ್ತಿದಳು. ತಣ್ಣಗೆ, ಹೂವಿನ ಹಾಗೆ ಸಡಿಲವಾಗಿತ್ತು. ಚೆನ್ನಾಗಿ ಮಗುಚಿದ ಕೈಯ ಗುರುತು. ಭರಣಿಯ ಬಾಯಿಯ ಮೇಲೆ ಅವಳ ಕೈ ಸ್ವಲ್ಪ ಹೊತ್ತು ಹಾಗೇ ನಿಂತಿತ್ತು.

ಆ ಹಿಡಿಯನ್ನು ಡಬ್ಬಿಗೇ ಹಿಂದೆ ಹಾಕಿದಳು. ಬೆರಳುಗಳ ಸಂದಿನಲ್ಲಿ ಅಂಟಿದ್ದನ್ನೂ ಬಿಡದೆ ಗೀರಿ ಹಾಕಿ, ಮೇಲೆ ಸಮ ಮಾಡಿ, ಕಂಠ ಒರೆಸಿ ಮುಚ್ಚಿದಳು. ಬಟ್ಟೆಯ ಗಂಟು ಬಿಗಿದಳು. ಹೊಲಿಗೆ ಹಾಕಿದ ಕಡೆಗೆ ಭಾರ ಬೀಳದಂತೆ ಅದನ್ನು ಇನ್ನೊಂದು ಸೊಂಟಕ್ಕೆ ಆನಿಸಿಕೊಂಡು, ಚಪ್ಪಲಿ ಮೆಟ್ಟಿ, ಮೊದಲ ವಾಕ್ಯ ಏನೆಂದು ಗೊತ್ತಿಲ್ಲದೆಯೇ ಮಸಾಯೆಯ ಮನೆಯ ಕಡೆಗೆ ಹೊರಟಳು.